ಕರೆಂಟು ಹೋದ ಹೊತ್ತು

ಬನಹಟ್ಟಿಯ ನಮ್ಮ ಓಣಿಯೊಳಗ
ಮಾತಂದರ ಒದರೂದು.
ಹನ್ನೆರಡು ಮಗ್ಗ ಒಮ್ಮೆಲೆ ಬಡಕೊಳ್ಳೂವಾಗ
ಉಪ್ಪು ಕೇಳೂದೂ ಒದರಿ, ಕೂಸು ರಮಿಸೂದೂ ಒದರಿ,
ಸಿಟ್ಟು ಮಾತ್ರ ನುಂಗಿ.
ತುಟಿ ನೋಡಿ ತಿಳಕೋತೀವಿ ನಾವು,
ಕಿವಿ ಯಾವಾಗೋ ಸಾವಕಾರಗ ಒಪ್ಪಿಸಿಬಿಟ್ಟೀವಿ.

ಮಧ್ಯಾಹ್ನ ಮೂರಕ್ಕ ಕರೆಂಟು ಹೋಗತೈತಿ.
ಲಾಳಿ ಅರ್ಧ ದಾರಿಯಾಗ ನಿಂತು
ಫ್ಯಾನು ಇನ್ನೊಂದು ನಾಕು ಸುತ್ತು ಹಾಕಿ ಸುಮ್ಮನಾದ ಮ್ಯಾಲೆ
ಕೇಳತಾವು ಒಂದೊಂದ:
ನಮ್ಮ ಉಸಿರು, ಗೋಡಿ ಮ್ಯಾಲಿನ ಹಲ್ಲಿ,
ಹಿತ್ತಲದಾಗ ಯಾರದೋ ಕೆಮ್ಮು.
ಹೊಳ್ಳಿ ಬರೂದು ಐದೂವರಿಗೆ.
ಆ ಎರಡೂವರಿ ತಾಸು ನಮ್ಮ ನಾಟಕದ ತಾಲೀಮು.

ಕಲಸಾಂವ ಲೈಟಿನ ಚನ್ನಮಲ್ಲ.
ಮೂವತ್ತು ವರ್ಷ ಕಂಪನಿಯಾಗ
ರಾಜಾನ ಮ್ಯಾಲೆ ಹಳದಿ, ರಾಕ್ಷಸನ ಮ್ಯಾಲೆ ಕೆಂಪು ಬಿಟ್ಟಾಂವ.
ಕಂಪನಿ ಮುರೀತು, ತಗಡು ಗುಜರಿಗೆ ಹೋದುವು.
ಈಗ ಸುಟ್ಟ ಮೋಟಾರಿಗೆ ತಂತಿ ಸುತ್ತತಾನ,
ಕರೆಂಟು ಇಲ್ಲದಾಗ ಅವಗೂ ಕೆಲಸಿಲ್ಲ.

"ಮ್ಯಾಲೆ ತಗಡಿನಾಗ ತೂತು ಐತಿ ನೋಡು,
ಬಿಸಿಲು ರೊಟ್ಟಿ ಅಗಲ ಬಿದ್ದೈತಿ.
ಬೆಳಕು ನಿನ್ನ ಹುಡುಕಿಕೊಂಡು ಬರೂದಿಲ್ಲ, ತಂಗೆವ್ವ,
ನೀನ ಹೋಗಿ ಅದರಾಗ ನಿಂದರು."

ತಂಗೆವ್ವ ನಿಂತಳು, ಸೆರಗು ಬಾಯಾಗ.
ಹರಿದ ಎಳಿ ಕಟ್ಟಿ ಕಟ್ಟಿ ಸವದ ಹೆಬ್ಬೆರಳು ಅಕಿದು,
ರೇಷನ್ ಅಂಗಡಿ ಯಂತ್ರ
ಮೂರು ಸಲ ಗುರುತಿಲ್ಲ ಅಂದ ಹೆಬ್ಬೆರಳು.
ಅಕಿಗೆ ಸಾವಕಾರನ ಪಾತ್ರ!
ಮಾಲನಬಿ ನಕ್ಕು ನಕ್ಕು ಮಗ್ಗಕ್ಕ ಆತಳು.

ನಾನು ಪರದೆ ಹಿಂದ.
ಪರದೆ ಅಂದರ ಇನ್ನೂ ಸೆರಗು ನೇಯದ ಸೀರಿ.
ಎಂಟನೇತ್ತೆ ಮುಗಿಸಿದಾಕಿ ನಾನೊಬ್ಬಾಕಿ,
ಅದಕ್ಕ ವಹಿ ನನ್ನ ಕೈಯಾಗ,
ಮರತಾರಿಗೆ ಮಾತು ಊದೂದು ನನ್ನ ಪಾಲು.

ಶುಕ್ರವಾರ ರಾತ್ರಿ, ನೀರಿನ ಟಾಕಿ ಬುಡಕ ಆಟ.
ಓಣಿ ಪೂರಾ ಬಂದಿತ್ತು, ಚಾಪಿ, ಕೂಸು, ಶೇಂಗಾ ಸಮೇತ.
ಸಾವಕಾರನ ಲೆಕ್ಕದ ದಿವಾಣಜಿನೂ ಬಂದಿದ್ದ,
ಚುರಮುರಿ ಪೊಟ್ಟಣ ಹಿಡಕೊಂಡು, ಮುಂದಿನ ಸಾಲಿನಾಗ.

ಟೊಪಿಗಿ ಹಾಕಿದ ತಂಗೆವ್ವ
ಸೀರಿ ಎತ್ತಿ ಬೆಳಕಿಗೆ ಹಿಡದಳು:
"ಇಲ್ಲಿ ಎಳಿ ತಪ್ಪೈತಿ. ಇಪ್ಪತ್ತು ರೂಪಾಯಿ ಕಟ್."
ಅಲ್ಲೀ ತನಕ ವಹಿ ಪ್ರಕಾರ.
ಆಮ್ಯಾಲೆ ನಿಂತಳು.
ನಾ ಊದಿದೆ. ತಗೊಳ್ಳಲಿಲ್ಲ.
ಮತ್ತ ಊದಿದೆ.
ಟೊಪಿಗಿ ತಗದು ನೆಲಕ್ಕಿಟ್ಟಳು, ಮೆಲ್ಲಕ,
ತುಂಬಿದ ಗಡಿಗಿ ಇಟ್ಟಂಗ.

"ಈ ಸೀರಿ ನನ್ನ ಮಗ್ಗದ್ದು.
ಅವತ್ತು ಕೂಸಿಗೆ ಜ್ವರ.
ಇದು ತಪ್ಪಿದ ಎಳಿ ಅಲ್ಲೋ ಯಪ್ಪಾ,
ನಾ ಎದ್ದು ಹೋಗಿ ಅದರ ಹಣಿ ಮುಟ್ಟಿ ಬಂದ ಜಾಗಾ.
ಅದಕ್ಕ ಎಷ್ಟು ಹಚ್ಚತಿ, ಹಚ್ಚು."

ಒದರಲಿಲ್ಲ ಅಕಿ.
ಆದರೂ ಟಾಕಿ ಆಚೆ ನಿಂತ ಪಾನಂಗಡಿಯಾಂವಗೂ ಕೇಳಿತ್ತು.
ಇಡೀ ಓಣಿಗೆ ಕರೆಂಟು ಹೋದಂಗಾತು,
ಬಲ್ಬು ಮಾತ್ರ ಉರೀತಿತ್ತು,
ಚನ್ನಮಲ್ಲ ಅದನ್ನ ಕೈಯಾಗ ಹಿಡದು
ಅಕಿ ಮಾರಿ ಮ್ಯಾಲಿಂದ ಸರಿಸಲಿಲ್ಲ.
ನಾ ವಹಿ ತಿರುವಿ
ಹಿಂದಿನ ಖಾಲಿ ಹಾಳಿಯಾಗ ಬರಕೊಂಡೆ,
ಕತ್ತಲದಾಗ, ಸಾಲು ಮ್ಯಾಲೆ ಸಾಲು ಬಿದ್ದುವು.

ಶನಿವಾರ ಪಗಾರ.
ದಿವಾಣಜಿ ತಂಗೆವ್ವನ ಸೀರಿ ಬೆಳಕಿಗೆ ಹಿಡದ.
ಪೆನ್ನಿಗೆ ಹೋದ ಕೈ ಅರ್ಧಕ್ಕ ನಿಂತಿತು, ಲಾಳಿಯಂಗ.
ಅಕಿ ಅವನ್ನ ನೋಡತಿದ್ದಳು.
"ಹೋಗಲಿ," ಅಂದ.
ಮುಂದಿನ ಸೀರಿ ನಂದು. ಇಪ್ಪತ್ತು ಕಡದ.
ನಾ ಸುಮ್ಮನಿದ್ದೆ.
ನನ್ನ ಹಿಂದ ಮಾತು ಊದಾವರು ಯಾರೂ ಇರಲಿಲ್ಲ.

ಇವತ್ತ ಮೂರಕ್ಕ ಮತ್ತ ಕರೆಂಟು ಹೋತು.
"ಯಾರು ಇವತ್ತ?" ಅಂದ ಚನ್ನಮಲ್ಲ.
ಬಿಸಿಲಿನ ರೊಟ್ಟಿ ಸರಕೋತ ಸರಕೋತ
ನಾಕನೇ ಮಗ್ಗದ ಕಡೆ ಬಂದಿತ್ತು.
ವಹಿ ಮಾಲನಬಿ ಕೈಗೆ ಕೊಟ್ಟೆ.
"ನನಗ ಓದಾಕ ಬರೂದಿಲ್ಲಲ್ಲ," ಅಂದಳು.
"ಹಿಡಕೋ ಸುಮ್ಮನ," ಅಂದೆ.