ಅಚ್ಚು

ನನ್ನ ಕೋಣೆಗೆ ಬರುವ ಬಾಯಿಗಳಿಗೆ ಮುಖವಿರುವುದಿಲ್ಲ.
ದಾವಣಗೆರೆ ಮಂಡಿಪೇಟೆಯ ಸಂದಿಯಲ್ಲಿ,
ಬೀಗ ರಿಪೇರಿ ಅಂಗಡಿಯ ಮಹಡಿಯಲ್ಲಿ,
ಪ್ಲಾಸ್ಟರಿನ ದವಡೆಗಳು ಸಾಲಾಗಿ ಕೂತಿರುತ್ತವೆ,
ಬೆನ್ನಿಗೆ ಪೆನ್ಸಿಲಿನಲ್ಲಿ ಹೆಸರು, ವಯಸ್ಸು, ತಾರೀಖು.
ಹಲ್ಲು ಕಟ್ಟುವುದು ನನ್ನ ಕಸುಬು. ಇಪ್ಪತ್ತಾರು ವರ್ಷ.
ಕೀಳುವವರು, ಬೈಯುವವರು, ಬುದ್ಧಿ ಹೇಳುವವರು ಡಾಕ್ಟರು.
ನಾನು ಮೇಣ ಕರಗಿಸುತ್ತೇನೆ, ಅಷ್ಟೇ.

ಆದರೂ ಬೆರಳಿಗೆ ಗೊತ್ತಾಗುತ್ತದೆ ಯಾರು ಏನುಂಡರೆಂದು.
ಕಬ್ಬು ಸಿಗಿದು ಸಿಗಿದು ಸವೆದ ಕೋರೆ ಬೇರೆ,
ಪೆಪ್ಪರಮೆಂಟು ದವಡೆಗಿಟ್ಟೇ ನಿದ್ದೆಹೋದ ಮಗುವಿನ ತೂತು ಬೇರೆ.
ಕಟಿ ರೊಟ್ಟಿ ಜಗಿದ ದವಡೆಗೊಂದು ಗತ್ತಿರುತ್ತದೆ,
ಗರಡಿಯಾಳಿನ ಹೆಗಲಿನ ಹಾಗೆ.

ಆಷಾಢದಲ್ಲಿ ಬಂದ ಅಚ್ಚು:
ಜೈತುನ್‌ಬಿ, ನಲವತ್ತೆರಡು, ಮಂಡಕ್ಕಿ ಭಟ್ಟಿ.
ಕೆಳಗೆ ಮುಂದಿನ ನಾಲ್ಕು ಇಲ್ಲ.
ಉಳಿದವುಗಳ ಬುಡದಲ್ಲಿ ವಸಡು
ಉಕ್ಕುವ ಹಾಲು ಪಾತ್ರೆಯಂಚಿಗೆ ಬಂದು ನಿಂತ ಹಾಗೆ
ಊದಿ ನಿಂತಿತ್ತು.
ಪ್ಲಾಸ್ಟರಿಗೆ ಬಣ್ಣವಿಲ್ಲ. ಆದರೂ ಕೆಂಪು ಕಂಡಿತು.

ಸೆಟ್ಟು ಒಯ್ಯಲು ತಾನೇ ಮೆಟ್ಟಿಲು ಹತ್ತಿ ಬಂದಳು,
ಸೆರಗಿನಲ್ಲಿ ಸುಟ್ಟ ಹೊಟ್ಟಿನ ವಾಸನೆ.
ರಾತ್ರಿ ಎರಡಕ್ಕೆ ಭಟ್ಟಿ ಹಚ್ಚುತ್ತಾರಂತೆ.
ಹೊತ್ತು ಹುಟ್ಟುವ ತನಕ
ಒಂದು ಹಿಡಿ ಮಂಡಕ್ಕಿ, ಒಂದು ಲೋಟ ಸಕ್ಕರೆ ಚಹಾ,
ಮತ್ತೊಂದು ಹಿಡಿ, ಮತ್ತೊಂದು ಲೋಟ.
ಹತ್ತೊಂಬತ್ತು ವರ್ಷ.
"ಹಗುರ ತಿಂದ್ರೆ ಹಲ್ಲಿಗೇನು ಭಾರ ಅನ್ಕಂಡಿದ್ದೆ ಅಣ್ಣಾ.
ಉಗುಳಿದ್ರೆ ರಕ್ತ. ಕಡ್ಡಿ ಚುಚ್ಚಿರ್ಬೇಕು ಅಂತ ಸುಮ್ನಾದೆ."

ಮಾತಿಗೊಂದು ಮಾತು ಇರಲೆಂದು ನಾನು ಹಳೇ ಗಾದೆ ತೆಗೆದೆ:
ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ…
ಅವಳು ನಗಲಿಲ್ಲ.
"ಕಡ್ಲೆ ಇರ್ಲಿಲ್ಲ, ಅದ್ಕೇ ಹಲ್ಲು ಹೋದ್ವು.
ಗಾದೆ ಮಾಡಿದೋನಿಗೆ ಅಷ್ಟೂ ತಿಳೀಲಿಲ್ವಾ?"

ಸ್ಪಿರಿಟ್ಟಿನ ದೀಪ ಆರಿಸಿ ಕೂತೆ ಆ ಸಂಜೆ.

ವಿಶಾಲಾಕ್ಷಿ ಡಾಕ್ಟರು ಹಲ್ಲಿನ ಕಿಟ್ಟ ಕೆರೆದು
ಚೀಟಿಯಲ್ಲಿ ಮಾತ್ರೆಯ ಕೆಳಗೆ ಬರೆದಿದ್ದರಂತೆ:
ಸೀಬೆ, ಇಲ್ಲವೇ ನೆಲ್ಲಿ. ನುಗ್ಗೆಸೊಪ್ಪು. ಮಜ್ಜಿಗೆ.
ಮೊಳಕೆ ಕಾಳು. ಆದರೆ ಮೊಟ್ಟೆ.
ಚಹಾಕ್ಕೆ ಸಕ್ಕರೆ ಅರ್ಧ, ಆಮೇಲೆ ಅದರರ್ಧ.
ಮಗಳು ನಾಜ್ನೀನ್ ದಿನವೂ ಓದಿ ಹೇಳಿದಳಂತೆ, ಮಗ್ಗಿಯ ರಾಗದಲ್ಲಿ.
ಭಟ್ಟಿಯ ಹಿಂದೆಯೇ ಇತ್ತು ಒಂದು ನುಗ್ಗೆಮರ,
ಹೊಗೆ ಕುಡಿದು ಕುಡಿದು ಕಪ್ಪಾಗಿ.
ಸೊಪ್ಪು ತೊಳೆದರೆ ಮೂರು ನೀರು ಮಸಿ,
ನಾಲ್ಕನೇ ನೀರಿಗೆ ಹಸಿರು.
ಸಂತೆ ಏಳುವ ಹೊತ್ತಿಗೆ ತರಚಿದ ಸೀಬೆ ಹತ್ತು ರೂಪಾಯಿಗೆ ಆರು.

ಕಾರ್ತಿಕದಲ್ಲಿ ಮತ್ತೆ ಬಂದಳು, ಸಿಟ್ಟಿನಲ್ಲಿ.
ಕಾಗದ ಬಿಚ್ಚಿ ನಾಲ್ಕು ಹಲ್ಲು ಮೇಜಿನ ಮೇಲೆ ಇಟ್ಟಳು.
"ಸಡ್ಲಾಗೈತಿ. ಮಾತಾಡಿದ್ರೆ ಕುಣೀತೈತಿ.
ರೊಕ್ಕ ತಗಂಡು ಹಿಂಗ ಮಾಡ್ತಾರಾ?"

ಡಾಕ್ಟರಲ್ಲಿ ಹೋಗಿ ಹೊಸ ಅಚ್ಚು ತೆಗೆಸು ಎಂದೆ.
ಹಳೆಯದನ್ನು ಧೂಳಿನಿಂದ ಎಬ್ಬಿಸಿ
ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದೆ.
ಊತ ಇಳಿದಿತ್ತು.
ಉಳಿದ ಹಲ್ಲುಗಳ ಕೊರಳಿಗೆ ವಸಡು
ಅಳತೆ ಕೊಟ್ಟು ಹೊಲಿಸಿದ ರವಿಕೆಯಂತೆ ಅಪ್ಪಿ ಕೂತಿತ್ತು.
ನನ್ನ ಕೆಲಸ ಕೆಟ್ಟಿರಲಿಲ್ಲ.
ಬಾಯಿ ಒಳ್ಳೆಯದಾಗಿತ್ತು.

ಹೋದ ನಾಲ್ಕು ಹೋದವೇ.
ಯಾವ ನೆಲ್ಲಿಕಾಯಿಯೂ ಅವನ್ನು ತಂದುಕೊಡದು.
ಮತ್ತೆ ಮೇಣ ಕರಗಿಸಿದೆ. ದುಡ್ಡು ಕೇಳಲಿಲ್ಲ,
ಕೇಳಬೇಕಿತ್ತು ಎಂದಳು ಹೆಂಡತಿ.

ಹೊಸ ಸೆಟ್ಟು ಒಯ್ಯುವಾಗ
ಜೈತುನ್‌ಬಿ ಗಂಟು ಬಿಚ್ಚಿ ಒಂದು ಬೊಗಸೆ ಸುರಿದಳು,
ಹುರಿಗಡಲೆಯಲ್ಲ, ಸಿಪ್ಪೆಯ ಗಟ್ಟಿ ಕಡಲೆ.
"ಗಾದೆ ಹೇಳೋರಿಗೆ" ಅಂದಳು.
ಕೆಳಗೆ ನಾಜ್ನೀನ್ ಸೀಬೆ ಕಚ್ಚುವ ಸದ್ದು ಮಹಡಿಗೂ ಕೇಳುತ್ತಿತ್ತು.

ನಾನು ಎಡಗಡೆಯಿಂದ ಜಗಿದೆ.
ಬಲಗಡೆ ಒಂದು, ಹಿಂದಿನದು, ಅಲ್ಲಾಡುತ್ತದೆ.
ಇಪ್ಪತ್ತಾರು ವರ್ಷದಲ್ಲಿ
ಆ ಬಾಯಿಯ ಅಚ್ಚು ಮಾತ್ರ ನಾನು ತೆಗೆದಿಲ್ಲ.