ಟೋಹೋ ಕೆರೆಯ ಹದ್ದು

ಮೊದಲು ಕೇಳಿದ್ದು ಬಾಯಿಗೆ ಹತ್ತಿ ತುರುಕಿದ ಮಾತಿನಲ್ಲಿ.
ಕಿಸ್ಸಿಮ್ಮಿಯ ಕ್ಲಿನಿಕ್ಕು, ಮಂಗಳವಾರ, ಕೆಳದವಡೆಯ ಎಡಮೂಲೆ.
ಲುವೆಲ್ಲಾ ಪಿಟ್‌ಮನ್, ಏರ್‌ಬೋಟ್ ನಡೆಸುವವಳು,
ನನ್ನ ಕೈಯ ಕೊಕ್ಕೆ ಸಲಾಕೆಯತ್ತ ಬೆರಳು ತೋರಿ
'ಅದರ ಕೊಕ್ಕು' ಅಂದಳು.
ನನಗೆ ಕೇಳಿಸಿದ್ದು 'ಅಅಅ ಒಉ'.

ಉಗುಳಿ, ಮುಕ್ಕಳಿಸಿ, ಮತ್ತೆ ಹೇಳಿದಳು:
ಟೋಹೋ ಕೆರೆಯಲ್ಲೊಂದು ಹದ್ದಿದೆ ಡಾಕ್ಟರಮ್ಮ,
ಹಾವು ಒಲ್ಲದು, ಮೀನು ಒಲ್ಲದು, ಇಲಿಯೂ ಒಲ್ಲದು.
ತಿನ್ನುವುದು ಬಸವನಹುಳು. ಅದೊಂದೇ.

ನಕ್ಕುಬಿಟ್ಟೆ.
ಹಾವು ಕಚ್ಚಿ ಹಾರಿದ, ಅಮೃತವನ್ನೇ ಹೊತ್ತು ತಂದ ಕುಲದಲ್ಲಿ
ಇಂಥದೊಬ್ಬ ಬಡ ದಾಯಾದಿಯೇ?
ಕೋಡೆರಡು ಮುಂಚಾಚಿ, ಮನೆ ಬೆನ್ನಿಗೇರಿಸಿ
ಅವಸರವೆಂದರೇನು ಎಂದು ಕೇಳುವ ಬಸವನನ್ನು
ಹಿಡಿಯಲಿಕ್ಕೆ ರೆಕ್ಕೆ ಯಾಕೆ, ಹದ್ದಿನ ಕಣ್ಣು ಯಾಕೆ?

'ಬಾ, ತೋರಿಸುತ್ತೇನೆ.'

ಮಾರ್ಚಿನ ಬೆಳಿಗ್ಗೆ ಆರೂವರೆ. ದೋಣಿಯ ಬೆನ್ನಿಗೆ ಫ್ಯಾನು,
ನಮ್ಮ ಕಿವಿಗೆ ಮುಚ್ಚಳ. ನಡುಕೆರೆಯಲ್ಲಿ ಎಂಜಿನ್ ಆರಿಸಿದಳು.
ಅಷ್ಟು ದೊಡ್ಡ ಸದ್ದಿನ ಹಿಂದೆ ಅಷ್ಟೊಂದು ಮೌನ
ಕಾದು ಕೂತಿತ್ತೆಂದು ಗೊತ್ತಿರಲಿಲ್ಲ.

ಹತ್ತು ನಿಮಿಷ ರಣಹದ್ದನ್ನೇ ಅದೆಂದು ನಂಬಿ ಪುಳಕಗೊಂಡೆ.
ಮತ್ತೈದು ನಿಮಿಷ ಜೊಂಡಿಗೆ ಸಿಕ್ಕ ಪ್ಲಾಸ್ಟಿಕ್ ಚೀಲ ನೋಡಿದೆ.
ಲುವೆಲ್ಲಾ ಏನೂ ಅನ್ನಲಿಲ್ಲ, ಬಿಸ್ಕತ್ತು ಮುರಿದಳು.

ಆಮೇಲೆ ಅದು.
ಬೂದಿ ಬಣ್ಣ. ನೀರಿನಿಂದ ಒಂದಾಳು ಮೇಲೆ
ಕಳೆದ ಬೀಗದಕೈ ಹುಡುಕುವವರ ಹಾಗೆ
ತಲೆ ತಗ್ಗಿಸಿ ತೇಲುತ್ತ ಬಂತು.
ಎರಗಲಿಲ್ಲ, ಬಗ್ಗಿತು. ಬಿದ್ದ ಚಿಲ್ಲರೆ ಎತ್ತುವಂತೆ
ಕಿತ್ತಳೆ ಕಾಲು ಅದ್ದಿ, ಎತ್ತಿ, ಒಣಗಿದ ಸೈಪ್ರೆಸ್ ಕೊಂಬೆಗೆ ಹೋಗಿ ಕೂತಿತು.

ಆಗ ಕಂಡೆ ಕೊಕ್ಕು.
ಇಪ್ಪತ್ತಾರು ವರ್ಷ ನನ್ನ ಬೆರಳಿಗೆ ಜಡ್ಡು ಕಟ್ಟಿಸಿದ ಅದೇ ಬಾಗು!
ಒಡೆಯಲಿಲ್ಲ, ಕುಕ್ಕಲಿಲ್ಲ.
ಬಾಗಿಲ ಸಂದಿಯಲ್ಲಿ ತುದಿ ತೂರಿಸಿ
ಒಳಗಿನ ಸ್ನಾಯು ಒಂದನ್ನು, ಒಂದೇ ಒಂದನ್ನು, ಕತ್ತರಿಸಿ
ತುಸು ತಿರುವಿ
ಇಡಿಯಾಗಿ ಹೊರಗೆಳೆಯಿತು. ಚಿಪ್ಪಿಗೆ ಗೀರೂ ಇಲ್ಲ.
'ನೋವಾಯಿತೇ' ಎಂದು ಕೇಳುವುದೊಂದು ಬಾಕಿ.

ಅಂದಿನಿಂದ ನನ್ನ ಶನಿವಾರಗಳು ಕೆರೆಯ ಪಾಲು.
ಗಂಡು ಬೂದಿ, ಹೆಣ್ಣು ಕಂದು, ಕಣ್ಣು ಕೆಂಪು ಎಂದು ಕಲಿತೆ.
ಜೊಂಡಿನ ಕಾಂಡಕ್ಕಂಟಿದ ಬಿಳಿ ಮೊಟ್ಟೆ ಇಲ್ಲಿಯ ಹುಳದ್ದು,
ಬಬಲ್‌ಗಮ್ಮಿನ ಗುಲಾಬಿಯದು ದಕ್ಷಿಣದಿಂದ ಬಂದು ಬೇರೂರಿದ್ದು.
ಆ ಹೊಸಬ ಮುಷ್ಟಿ ಗಾತ್ರ. ಮೊದಮೊದಲು ಕಾಲಿಂದ ಜಾರಿ ಬೀಳುತ್ತಿತ್ತಂತೆ,
ಎಳೆಯವು ಹಸಿದವಂತೆ.
ಉಳಿದವುಗಳ ಮೊಮ್ಮಕ್ಕಳಿಗೆ ಕೊಕ್ಕು ಒಂದೆಳೆ ಉದ್ದ.

ಹದ್ದು ಅಂದರೆ ಹಕ್ಕಿ, ಹದ್ದು ಅಂದರೆ ಮೀರಬಾರದ ಗಡಿ,
ನನ್ನ ನುಡಿಯಲ್ಲಿ ಎರಡಕ್ಕೂ ಒಂದೇ ಪದ, ಎಂದೆ.
ಲುವೆಲ್ಲಾ ಎರಡು ಸಲ ಹೇಳಿಸಿಕೊಂಡಳು.
ಎರಡು ಸಲವೂ 'ಹಡ್ಡು' ಅಂದಳು.

ಮರಿ ಬಲಿಯುವ ಹೊತ್ತಿಗೆ ಜೋಡಿಯಲ್ಲೊಂದು
ಗೂಡು ಬಿಟ್ಟು ಹೊರಡುವುದುಂಟು. ಒಮ್ಮೆ ತಂದೆ, ಒಮ್ಮೆ ತಾಯಿ.
'ನಮ್ಮನೆಯಲ್ಲೂ' ಅಂದಳು.
ಯಾರು ಹೋದದ್ದೆಂದು ಹೇಳಲಿಲ್ಲ.

ಮೇ ತಿಂಗಳು ನೀರು ಇಳಿಯಿತು.
ನಲವತ್ತೊಂದನೆಯ ಗೂಡು ಜೊಂಡಿನ ಸಮೇತ ಮಗ್ಗುಲಾಯಿತು.
ಲುವೆಲ್ಲಾ ಪುಸ್ತಕದಲ್ಲಿ ಒಂದು ಗೀಟು ಎಳೆದಳು,
ಪೆನ್ಸಿಲನ್ನು ಬಹಳ ಹೊತ್ತು ಚೂಪು ಮಾಡಿದಳು.
ಗಂಡು ಬಂತು. ಕಾಲಲ್ಲಿ ಹುಳು.
ಗೂಡಿದ್ದ ಗಾಳಿಯ ಸುತ್ತ ಎರಡು ಸುತ್ತು ಬಂದು
ತಾನೇ ತಿಂದಿತು.

ಈಗ ಕ್ಲಿನಿಕ್ಕಿನ ಕಿಟಕಿಯಲ್ಲೊಂದು ಖಾಲಿ ಚಿಪ್ಪಿದೆ.
ಹೆದರಿ ತುಟಿ ಬಿಗಿದ ಮಕ್ಕಳ ಕೈಗೆ ಕೊಡುತ್ತೇನೆ:
ಒಳಗೆ ಯಾರಿದ್ದರು, ನೋಡಿ ಹೇಳು.
ಕಿರುಬೆರಳು ಹಾಕಿ ಹುಡುಕುತ್ತವೆ, ಹುಡುಕುತ್ತವೆ,
ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ.