ಎರಡು ಗೂಡಿನ ಮೇಲೆ

ದಸ್ತಗೀರರ ಗುಜರಿಯಿಂದ ಕಿಲೋ ಲೆಕ್ಕದಲ್ಲಿ
ಹುಳದ ತಟ್ಟೆಗೆ ಹಾಸಲು ತಂದ ಹಳೇ ಪೇಪರು.
ಕಟ್ಟು ಬಿಚ್ಚಿದರೆ ನಡುವೆ ಮೂರು ಹಾಳೆ ರಟ್ಟು.
ಯಾವ ದೇಶದ್ದೋ, ಒಂದಕ್ಷರ ತಿಳಿಯದು,
ಅಂಕಿ ಮಾತ್ರ ಗುರುತಿನವು.
ಚೂರುಚೂರಾಗಿ ಮಲಗಿದ್ದ ಒಂದು ಹಳೇಕಾಲದ ವಿಮಾನ:
ಮೇಲೊಂದು ರೆಕ್ಕೆ, ಕೆಳಗೊಂದು ರೆಕ್ಕೆ,
ಬಾಲದ ಬಳಿ ಉಗುರಿನಷ್ಟು ಲಂಗರು.

ಲಂಗರು! ಶಿಡ್ಲಘಟ್ಟದಲ್ಲಿ.
ಇಲ್ಲಿ ನೀರೆಂದರೆ ಸಾವಿರದಿನ್ನೂರು ಅಡಿ ಕೆಳಗಿನ ಮಾತು.

ನಾನು ಬಿತ್ತನೆ ಕೋಠಿಯವಳು.
ಹತ್ತೊಂಬತ್ತು ವರ್ಷದಿಂದ ಚಿಟ್ಟೆ ಆರಿಸುತ್ತೇನೆ.
ಬೆಳಗಿನ ಜಾವ ಗೂಡು ತೂತಾಗುತ್ತದೆ,
ಒದ್ದೆ ಮೈ ತೂರಿಕೊಂಡು ಹೊರಗೆ ಬರುತ್ತದೆ,
ನಾಲ್ಕು ರೆಕ್ಕೆ ಪಟಪಟ ಬಡಿಯುತ್ತದೆ,
ಎಲ್ಲಿಗೂ ಹೋಗುವುದಿಲ್ಲ.
ಸಾಕಿಸಿಕೊಂಡು ಸಾಕಿಸಿಕೊಂಡು ಹಾರುವುದನ್ನೇ ಮರೆತ ಜಾತಿ.
ಜೋಡಿ ಬಿಡಿಸಿ, ಹೆಣ್ಣನ್ನು ಹಾಳೆಯ ಮೇಲಿಟ್ಟು ಮುಚ್ಚಳ ಹಾಕಿ,
ಮೊಟ್ಟೆ ಇಟ್ಟು ಮುಗಿದ ಮೇಲೆ
ತಾಯಿಯನ್ನು ಅರೆದು ಗಾಜಿನಡಿ ರೋಗ ಹುಡುಕುತ್ತೇವೆ.
ರೆಕ್ಕೆಯ ಹುಡಿ ಬೆರಳಿಗಂಟಿ
ಮನೆಯ ಕಾಫಿ ಲೋಟದ ತನಕ ಬರುತ್ತದೆ.

ಅದಕ್ಕೇ ಇರಬೇಕು, ಕತ್ತರಿ ಹಿಡಿದೆ.

ರಾತ್ರಿ ಪಾತ್ರೆ ತೊಳೆದಿಟ್ಟು,
ಮೈದಾ ಅಂಟು, ಬ್ಲೇಡು, ಕೋಠಿಯಿಂದ ಕಡ ತಂದ ಚಿಮಟ.
ಚುಕ್ಕಿಗೆರೆಯನ್ನು ಒಳಗೆ ಮಡಿಸಬೇಕು, ಉದ್ದಗೆರೆಯನ್ನು ಹೊರಗೆ:
ಒಂದು ಬಾಲ ಹಾಳು ಮಾಡಿಕೊಂಡು ಕಲಿತೆ.
ಒಡಲು ನನ್ನ ತೋರುಬೆರಳಿನಷ್ಟು.
ರೆಕ್ಕೆಗಳ ನಡುವಿನ ಕಂಬಗಳಿಗೆ ಪೊರಕೆ ಕಡ್ಡಿ.

ಪಕ್ಕದ ಮನೆ ಪಿಳ್ಳಮ್ಮ ಬಾಗಿಲಲ್ಲಿ ನಿಂತು
"ಐವತ್ತಾದ ಮೇಲೆ ಕಾಗದದಾಟವೇನೇ ಮುನಿರತ್ನಾ" ಅಂದಳು.
ಹತ್ತು ನಿಮಿಷಕ್ಕೆಲ್ಲ ತಾನೇ ಮೇಲಿನ ರೆಕ್ಕೆ ಹಿಡಿದು ಕೂತಿದ್ದಳು
ಅಂಟು ಒಣಗುವ ತನಕ, ಉಸಿರು ಬಿಗಿಹಿಡಿದು,
ನಿದ್ದೆ ಹೋದ ಕೂಸನ್ನು ತೊಡೆಯ ಮೇಲಿಟ್ಟುಕೊಂಡವಳ ಹಾಗೆ.

ಆದರೂ ರೆಕ್ಕೆ ಜೋತಿತು.
ಚಿತ್ರದಲ್ಲಿ ತಂತಿಗಳಿದ್ದವು, ಗುಣಿಸುವ ಗುರುತಿನ ಹಾಗೆ ಅಡ್ಡಡ್ಡ.
ಬಾಬಾಜಾನರ ನೂಲು ಬಿಚ್ಚುವ ಕಾರ್ಖಾನೆಗೆ ಹೋಗಿ
ರೇಷ್ಮೆ ಬೇಕು ಅಂದೆ. "ಎಷ್ಟು ಕಿಲೋ?"
"ಎರಡು ಮೊಳ."
ಹಬೆಯೊಳಗೆ ಮುಖ ಒರೆಸಿಕೊಂಡು ನಕ್ಕರು,
ಆಮೇಲೆ ಗಂಭೀರವಾಗಿ ಪುಸ್ತಕದಲ್ಲಿ ಬರೆದರು:
ಮುನಿರತ್ನಮ್ಮ, ಎರಡು ಮೊಳ. ದರದ ಜಾಗ ಖಾಲಿ.

ಎಳೆ ಕಟ್ಟಿ ಬಿಗಿದೆ.
ರೆಕ್ಕೆ ಸೆಟೆದು ನಿಂತಿತು.
ಎದುರಿಗೆ ಹಿಡಿದರೆ ಎಳೆ ಕಾಣದು,
ಬಲ್ಬಿಗೆ ಓರೆ ಮಾಡಿದರೆ ಮಿಂಚಿ ಮರೆಯಾಗುತ್ತದೆ.
ಮಾತಿಗೆ ರೆಕ್ಕೆಪುಕ್ಕ ಕಟ್ಟುವವರು ಈ ಊರಲ್ಲಿ ಬೇಕಾದಷ್ಟು,
ರೆಕ್ಕೆಗೆ ರೆಕ್ಕೆ ಕಟ್ಟುವುದು ಎಷ್ಟು ಕಷ್ಟ ಕೇಳಿ ನನ್ನನ್ನು.

ನಲವತ್ತೇಳಕ್ಕೆ ಹಾಳೆ ಮುಗಿಯಿತು.
ಚಿತ್ರದಲ್ಲಿ ಮಾತ್ರ ಐವತ್ತೆರಡರ ತನಕ ಅಂಕಿ.
ನಾಲ್ಕನೇ ಹಾಳೆ ಯಾವ ಹುಳದ ತಟ್ಟೆಯಡಿ ಹಾಸಿದೆನೋ,
ಯಾವ ಹುಳ ಅದರ ಮೇಲೆ ಹಿಕ್ಕೆ ಹಾಕಿತೋ.
ಉಳಿದದ್ದು ಕಾಲು: ಗಾಲಿಯಲ್ಲ,
ಉದ್ದುದ್ದನೆಯ ಎರಡು ದೋಣಿ,
ನೀರ ಮೇಲೆ ಇಳಿದು ನಿಲ್ಲಲಿಕ್ಕೆ.

ಮೂರು ದಿನ ಕಾಲಿಲ್ಲದೆ ಅಲಮಾರಿನ ಮೇಲಿತ್ತು.

ನಾಲ್ಕನೆಯ ದಿನ ಕೋಠಿಯ ಕಸದ ಬುಟ್ಟಿಯಿಂದ
ಎರಡು ತೂತುಗೂಡು ಸೆರಗಿಗೆ ಹಾಕಿಕೊಂಡು ಬಂದೆ.
ಒಳಗಿದ್ದವರು ಹೋಗಿದ್ದರು,
ಎಲ್ಲಿಗೆ ಅಂತ ನನಗೆ ಗೊತ್ತು.
ಅವರು ಹೊರಬಂದ ಬಾಯಿಗೆ ಮೇಣ ತೊಟ್ಟಿಕ್ಕಿಸಿ ಮುಚ್ಚಿದೆ.
ಬೆಳ್ಳಗೆ, ಹಗುರ, ಒಂದೇ ಅಳತೆ.
ಎರಡೂ ಕಡೆ ಕಡ್ಡಿ ಚುಚ್ಚಿ ಕೂಡಿಸಿದೆ.

ಹಿಟ್ಟು ಕಲಸುವ ಬೇಸಿನ್ನಿಗೆ ಪಿಳ್ಳಮ್ಮನೇ ನೀರು ಹುಯ್ದಳು,
ನಾಲ್ಕು ಚೊಂಬು, ಸಾಕೆಂದರೂ ಇನ್ನೊಂದು.
ಇಳಿಸಿದೆ.
ಒಂದು ಕಡೆ ವಾಲಿತು. ಎರಡೂ ಎದೆ ಧಸಕ್ಕೆಂದವು.
ಸಾವರಿಸಿಕೊಂಡು ನಿಂತಿತು.

ಮೇಜಿನ ಫ್ಯಾನು ಒಂದರಲ್ಲಿ ತಿರುಗುತ್ತಿತ್ತು.
ಯಾರೂ ಹೇಳಿಕೊಡದೆ, ನಿಧಾನಕ್ಕೆ,
ಗಾಳಿ ಬರುವ ಕಡೆಗೆ ಮೂತಿ ತಿರುಗಿಸಿತು.

"ಹಾರುತ್ತದೇನೇ?"
"ಇಲ್ಲ."

ಪಿಳ್ಳಮ್ಮ ತಲೆಯಾಡಿಸಿದಳು.
ಸ್ವಲ್ಪ ಹೊತ್ತು ಬಿಟ್ಟು ಎದ್ದು ಹೋಗಿ
ಫ್ಯಾನನ್ನು ಎರಡಕ್ಕೆ ಏರಿಸಿದಳು.